ಅಪಾಯದ ಕರೆಗೆ ಸಂಕೇತದ ಮರೆ ಬೇಕೆ?

ಹಾವೇರಿಯ ದನದ ಸಂತೆಯನ್ನು ಕಂಡವರಿಗೆಲ್ಲ ಟವೆಲಿನ ಮರೆಯ ವ್ಯಾಪಾರ ಪರಿಚಿತವಾದುದೇ. ದಲ್ಲಾಳಿಯ ಕೈಯೂ ಕೊಳ್ಳುವವನ ಕೈಯೂ ಬಟ್ಟೆಯ ಅಡಿಯಲ್ಲಿ ಸೇರುತ್ತವೆ. ಎಷ್ಟು ಬೆರಳುಗಳನ್ನು ಹಿಡಿದು ಒತ್ತಲಾಯಿತು ಎಂಬುದರಲ್ಲಿಯೇ ಸಾವಿರ, ನೂರುಗಳ ಲೆಕ್ಕ ಮುಗಿದುಹೋಗುತ್ತದೆ. ಪಕ್ಕದಲ್ಲಿಯೇ ನಿಂತ ಮೂರನೆಯವನಿಗೆ ಒಂದು ಅಂಕಿಯೂ ತಿಳಿಯುವುದಿಲ್ಲ. ಹಳೆಯ ಬಟ್ಟೆ ಅಂಗಡಿಗಳಲ್ಲಿ ಸೀರೆಯ ಚೀಟಿಯ ಮೇಲೆ ಅಸಲು ದರವನ್ನು ಅಕ್ಷರಗಳಲ್ಲಿ ಬರೆದಿಡುವ ಪದ್ಧತಿಯೂ ಇದೇ ಜಾತಿಯದು. ಮಾಲೀಕನಿಗೂ ಗುಮಾಸ್ತನಿಗೂ ಅದು ಅಂಕಿ. ಗಿರಾಕಿಗೆ ಬರಿಯ ಗೀಚು. ಎದುರಿಗಿರುವವನಿಗೆ ತಿಳಿಯಬಾರದ ಮಾತನ್ನು ಅವನ ಎದುರಿನಲ್ಲಿಯೇ ಆಡುವ ಈ ಉಪಾಯ ವರ್ತಕ ಸಮುದಾಯಕ್ಕೆ ಹೊಸದೇನಲ್ಲ.

ಆದರೆ ಇದೇ ಮರೆಯ ವ್ಯಾಪಾರವನ್ನು ಕೃಷಿ ಉತ್ಪನ್ನಗಳ ಪೇಟೆಯಿಂದ ಕಾನೂನು ಹೊರಗಿಟ್ಟಿತು ಎಂಬುದನ್ನೂ ನೆನೆಯಬೇಕು. ಮುಂಬಯಿ ಪ್ರಾಂತದ 1939ರ ಮಾರುಕಟ್ಟೆ ಕಾಯ್ದೆ, ತರುವಾಯ ಕರ್ನಾಟಕದ 1966ರ ಕಾಯ್ದೆ, ಇವುಗಳ ಆಶ್ರಯದಲ್ಲಿ ಬಹಿರಂಗ ಹರಾಜು ಮತ್ತು ಟೆಂಡರ್ ಪದ್ಧತಿಗಳು ನೆಲೆಗೊಂಡವು. ಕಾರಣ ಸರಳವಾದುದು: ಮಾಲು ಯಾರದೋ, ಅದರ ಭವಿಷ್ಯ ಬಟ್ಟೆಯ ಅಡಿಯಲ್ಲಿ ನಿರ್ಧಾರವಾಗುತ್ತಿರುವಾಗ ಆತನೇ ಕತ್ತಲಲ್ಲಿ ನಿಂತಿರುತ್ತಿದ್ದನು.

ಇತ್ತೀಚಿನ ವರ್ಷಗಳಲ್ಲಿ ಇನ್ನೊಂದು ಬಗೆಯ ಮರೆಮಾತು ದೊಡ್ಡ ಮಳಿಗೆಗಳಿಗೂ ಆಸ್ಪತ್ರೆಗಳಿಗೂ ಕಾರ್ಖಾನೆಗಳಿಗೂ ಬಂದಿದೆ. ಧ್ವನಿವರ್ಧಕದಲ್ಲಿ ಇದ್ದಕ್ಕಿದ್ದಂತೆ ‘ಕೋಡ್ ರೆಡ್, ಎರಡನೆಯ ಮಹಡಿ’ ಎಂಬ ಧ್ವನಿ ಕೇಳುತ್ತದೆ. ಸಿಬ್ಬಂದಿಗೆ ಅದು ಬೆಂಕಿ. ಬಂದವರಿಗೆ ಅದು ಏನೂ ಅಲ್ಲ. ಸುರಕ್ಷತೆಯ ಫಲಕಗಳನ್ನು ಸಿದ್ಧಪಡಿಸುವವರು ಬಣ್ಣಬಣ್ಣದ ಇಂಗ್ಲಿಷ್ ಸಂಕೇತಗಳ ಪಟ್ಟಿಯನ್ನು ಸಿದ್ಧ ಉಡುಪಿನಂತೆ ತಂದುಕೊಡುತ್ತಾರೆ. ಗೋಡೆಗೆ ಅಂಟಿಸಿದರೆ ಕೆಲಸ ಮುಗಿಯಿತೆಂಬ ಭಾವನೆಯೂ ಬೆಳೆಯುತ್ತಿದೆ. ಹಾವೇರಿ, ರಾಣೆಬೆನ್ನೂರು, ಬ್ಯಾಡಗಿಗಳ ವರ್ತಕರೂ ಸಣ್ಣ ಕೈಗಾರಿಕೋದ್ಯಮಿಗಳೂ ಈ ಪಟ್ಟಿಯನ್ನು ಗೋಡೆಗೆ ಏರಿಸುವ ಮುನ್ನ ಒಂದು ಪ್ರಶ್ನೆಯನ್ನು ಕೇಳಿಕೊಳ್ಳುವುದು ಒಳಿತು. ಟವೆಲಿನ ಆಚೆ ಇಲ್ಲಿ ನಿಂತಿರುವವನು ಯಾರು?

ಈ ಪದ್ಧತಿಯ ಹಿನ್ನೆಲೆ ಸ್ವಾರಸ್ಯಕರವಾಗಿದೆ. ಬ್ರಿಟನ್ನಿನ ನಾಟಕ ಮಂದಿರಗಳಲ್ಲಿ ಹಿಂದೆ ಬೆಂಕಿ ನಂದಿಸಲು ಮರಳು ತುಂಬಿದ ಬಕೆಟ್‌ಗಳನ್ನು ಇಡುತ್ತಿದ್ದರು. ರಂಗದ ಹಿಂದೆ ಬೆಂಕಿ ಕಂಡರೆ ಪ್ರೇಕ್ಷಕರು ಬೆದರದಂತೆ ‘ಮಿಸ್ಟರ್ ಸ್ಯಾಂಡ್ಸ್’ ಎಂಬ ಇಲ್ಲದ ಮನುಷ್ಯನ ಹೆಸರನ್ನು ಕೂಗುವ ರೂಢಿ ಬೆಳೆಯಿತು. ಸ್ಯಾಂಡ್ ಎಂದರೆ ಮರಳು. ಲಂಡನ್ನಿನ ಭೂಗತ ರೈಲು ನಿಲ್ದಾಣಗಳಲ್ಲಿ ಆತನಿಗೆ ಬಡ್ತಿ ದೊರೆತು ‘ಇನ್‌ಸ್ಪೆಕ್ಟರ್ ಸ್ಯಾಂಡ್ಸ್’ ಆದನು. ಇನ್‌ಸ್ಪೆಕ್ಟರರು ಕೂಡಲೇ ನಿಯಂತ್ರಣ ಕೊಠಡಿಗೆ ಬರಬೇಕೆಂಬ ಮುದ್ರಿತ ಕರೆ ಕೇಳಿದಾಗ ಸಿಬ್ಬಂದಿಯು ಎಚ್ಚರಿಕೆಯ ಗಂಟೆ ಎಲ್ಲಿಂದ ಬಂದಿತೆಂದು ಪರೀಕ್ಷಿಸುತ್ತಾರೆ. ಅಪಾಯ ನಿಜವೆಂದು ಕಂಡರೆ ಮುಂದಿನ ಘೋಷಣೆಯಲ್ಲಿ ಸ್ಯಾಂಡ್ಸ್ ಇರುವುದಿಲ್ಲ. ಎಲ್ಲರೂ ನಿಲ್ದಾಣವನ್ನು ಬಿಟ್ಟು ಹೊರಡಿರಿ ಎಂಬ ನೇರ ಮಾತೇ ಇರುತ್ತದೆ. ಪಟ್ಟಿಯನ್ನು ಎರವಲು ತರುವವರು ಸಾಮಾನ್ಯವಾಗಿ ಈ ಎರಡನೆಯ ಅರ್ಧವನ್ನು ಅಲ್ಲಿಯೇ ಬಿಟ್ಟು ಬರುತ್ತಾರೆ.

ಆಸ್ಪತ್ರೆಗಳ ಮಾತು ಸ್ವಲ್ಪ ಬೇರೆ. ಹೃದಯ ಸ್ತಂಭನಕ್ಕೆ ನೀಲಿ, ಬೆಂಕಿಗೆ ಕೆಂಪು, ಶಿಶುವಿನ ಅಪಹರಣಕ್ಕೆ ಗುಲಾಬಿ ಎಂಬ ಬಣ್ಣದ ಸಂಕೇತಗಳು ಅಲ್ಲಿ ಬಹುಮಟ್ಟಿಗೆ ರೂಢಿಯಾಗಿವೆ. ಒಬ್ಬ ರೋಗಿಯ ಹೃದಯ ನಿಂತಿತೆಂಬ ಸುದ್ದಿಯಿಂದ ಉಳಿದ ಇನ್ನೂರು ಜನ ರೋಗಿಗಳಿಗೆ ಉಪಯೋಗವೇನೂ ಇಲ್ಲ. ಓಡಿ ಬರಬೇಕಾದವರು ತರಬೇತಿ ಹೊಂದಿದ ಐದಾರು ಜನ ಮಾತ್ರ. ಇಂತಹ ಕಡೆ ಸಂಕೇತ ಸಾರ್ಥಕವಾದುದು. ಆದರೂ ಅಲ್ಲಿಯೇ ಅದು ಕೈಕೊಟ್ಟ ದೃಷ್ಟಾಂತವಿದೆ. ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ಆಸ್ಪತ್ರೆಯೊಂದರಲ್ಲಿ ಗುಂಡಿನ ದಾಳಿ ನಡೆದು ಮೂವರು ಮೃತಪಟ್ಟರು. ಆ ಹೊತ್ತಿನಲ್ಲಿ ಕೂಗಲಾಗಿದ್ದುದು ತಪ್ಪು ಸಂಕೇತ. ಒಂದೊಂದು ಆಸ್ಪತ್ರೆಯಲ್ಲಿ ಒಂದೊಂದು ಬಣ್ಣಕ್ಕೆ ಒಂದೊಂದು ಅರ್ಥವಿದ್ದುದರ ತೊಂದರೆಯನ್ನು ಮನಗಂಡು 2000ದಲ್ಲಿ ದಕ್ಷಿಣ ಕ್ಯಾಲಿಫೋರ್ನಿಯಾದ ಆಸ್ಪತ್ರೆಗಳ ಸಂಘವು ಎಲ್ಲೆಡೆ ಒಂದೇ ಬಗೆಯ ಸಂಕೇತಗಳಿರಬೇಕೆಂಬ ನಿರ್ಧಾರಕ್ಕೆ ಬಂದಿತು. ಅಲ್ಲಿಂದ ಹತ್ತು ಹನ್ನೆರಡು ವರ್ಷಗಳಲ್ಲಿ ಆ ದೇಶದ ಹಲವು ರಾಜ್ಯಗಳ ಆಸ್ಪತ್ರೆ ಸಂಘಗಳು ಇನ್ನೂ ಮುಂದೆ ಹೋಗಿ, ಬಣ್ಣಗಳನ್ನು ಬಿಟ್ಟು ಸರಳ ಮಾತಿನಲ್ಲಿಯೇ ಘೋಷಿಸಿರೆಂದು ಸಲಹೆ ನೀಡತೊಡಗಿದವು.

ಇನ್ನು ರೈಲ್ವೆಯದು. ಕರ್ಜಗಿಯ ಮೂಲಕ ಹಾಯುವ ಹುಬ್ಬಳ್ಳಿ–ಬೆಂಗಳೂರು ಮಾರ್ಗದ ದೊಡ್ಡ ನಿಲ್ದಾಣಗಳ ಆಸುಪಾಸಿನಲ್ಲಿ ವಾಸಿಸುವವರು ಅಪಘಾತದ ಸೈರನ್ನನ್ನು ಎಂದಾದರೂ ಕೇಳಿರಬಹುದು. ಉದ್ದ ಮತ್ತು ಗಿಡ್ಡ ಕೂಗುಗಳ ಎಣಿಕೆಯಿಂದಲೇ ಅಪಘಾತ ಯಾರ್ಡಿನ ಒಳಗೋ ಹೊರಗಿನ ಹಳಿಯ ಮೇಲೋ ಎಂಬುದು ರೈಲ್ವೆ ನೌಕರರಿಗೆ ತಿಳಿಯುತ್ತದೆ. ಈ ಸಂಕೇತ ತಲೆಮಾರುಗಳಿಂದ ನಡೆದುಬಂದಿದೆ. ನಡೆಯಲು ಕಾರಣವೂ ಇದೆ. ಕೇಳಿಸಿಕೊಳ್ಳಬೇಕಾದವರು ಹಾಜರಿ ಪುಸ್ತಕದಲ್ಲಿ ಹೆಸರಿರುವವರು, ಅದರಲ್ಲಿ ತರಬೇತಿ ಪಡೆದವರು. ಮತ್ತು ಆ ಕೂಗು ಕೇಳಿದ ಊರಿನವನು ತನ್ನ ಮನೆಯಲ್ಲಿ ಸುರಕ್ಷಿತವಾಗಿಯೇ ಇರುತ್ತಾನೆ. ಅಪಾಯ ಆತನ ಮೈಮೇಲೆ ಬಂದಿರುವುದಿಲ್ಲ.

ಅಪಾಯವು ಕೇಳುವವನ ಮೈಮೇಲೆಯೇ ಬಂದಿರುವಾಗ ಕರೆಯನ್ನು ಒಳಗಿನವರಿಗಷ್ಟೇ ಮೀಸಲಿಟ್ಟರೆ ಆಗುವುದೇನು ಎಂಬುದಕ್ಕೆ ಭೋಪಾಲಕ್ಕಿಂತ ದೊಡ್ಡ ಸಾಕ್ಷಿ ಬೇಕಿಲ್ಲ. 1984ರ ಡಿಸೆಂಬರ್ 2ರ ರಾತ್ರಿ ಯೂನಿಯನ್ ಕಾರ್ಬೈಡ್ ಕಾರ್ಖಾನೆಯಲ್ಲಿ ವಿಷಾನಿಲ ಸೋರಿದಾಗ ಅಲ್ಲಿ ಎರಡು ಬಗೆಯ ಎಚ್ಚರಿಕೆಗಳಿದ್ದವು. ಒಂದು ಕಾರ್ಖಾನೆಯ ಒಳಗಿನವರಿಗೆ, ಇನ್ನೊಂದು ಊರಿಗೆ. ಸಣ್ಣಪುಟ್ಟ ಸೋರಿಕೆಗಳಿಗೆಲ್ಲ ನೆರೆಹೊರೆಯವರು ಗಾಬರಿಯಾಗಬಾರದೆಂಬ ಉದ್ದೇಶದಿಂದ ಅವೆರಡನ್ನೂ ಮೊದಲೇ ಬೇರ್ಪಡಿಸಲಾಗಿತ್ತು. ಆ ರಾತ್ರಿ ಊರಿನ ಸೈರನ್ ಅಲ್ಪ ಕಾಲ ಕೂಗಿ ನಿಂತುಹೋಯಿತು. ಒಳಗಿನ ಎಚ್ಚರಿಕೆ ಮಾತ್ರ ಮುಂದುವರಿಯಿತು. ಕೆಲಸಗಾರರು ಗಾಳಿಯ ದಿಕ್ಕನ್ನು ನೋಡಿ ಹೊರಬಿದ್ದರು. ಊರಿನ ಸೈರನ್ ಮತ್ತೆ ಪೂರ್ಣವಾಗಿ ಕೂಗುವ ವೇಳೆಗೆ ಅನಿಲವು ಗುಡಿಸಲುಗಳ ಒಳಗೆ ಸೇರಿತ್ತು. ಯಾರೂ ಕೆಡುಕನ್ನು ಬಯಸಿ ಆ ವ್ಯವಸ್ಥೆಯನ್ನು ಮಾಡಿರಲಿಲ್ಲ. ಗಾಬರಿ ಬೇಡ ಎಂಬ ಸದುದ್ದೇಶವೇ ಅದರ ಮೂಲವಾಗಿತ್ತು.

ಸಂಕೇತದ ಪರವಾಗಿ ವಾದಿಸುವವರ ಮುಖ್ಯ ಆಧಾರವೂ ಈ ಗಾಬರಿಯೇ. ಬೆಂಕಿ ಎಂದು ಬಾಯಿಬಿಟ್ಟು ಹೇಳಿದರೆ ಜನ ಒಬ್ಬರ ಮೇಲೊಬ್ಬರು ಬಿದ್ದು ಸಾಯುತ್ತಾರೆ ಎಂಬುದು ಅವರ ಮಾತು. ಈ ಭಯವನ್ನು ಹಗುರವಾಗಿ ತಳ್ಳಿಹಾಕುವಂತಿಲ್ಲ. ಜಾತ್ರೆಗಳಲ್ಲಿ, ನಿಲ್ದಾಣಗಳಲ್ಲಿ ಆದ ಸಾವುಗಳನ್ನು ಎಲ್ಲರೂ ಬಲ್ಲರು. ಆದರೆ ಅವುಗಳ ಒಡಲನ್ನು ಬಗೆದು ನೋಡಿದರೆ ಬೇರೆಯದೇ ಚಿತ್ರ ಕಾಣುತ್ತದೆ. 2017ರ ಸೆಪ್ಟೆಂಬರ್ 29ರಂದು ಮುಂಬಯಿಯ ಎಲ್ಫಿನ್‌ಸ್ಟನ್ ರೋಡ್ ನಿಲ್ದಾಣದ ಮೇಲ್ಸೇತುವೆಯಲ್ಲಿ 23 ಜನ ಕಾಲ್ತುಳಿತಕ್ಕೆ ಬಲಿಯಾದರು. ಗಾಯಾಳುವೊಬ್ಬರ ಹೇಳಿಕೆಯಂತೆ, ಮಳೆಯಲ್ಲಿ ಹೂವಿನ ಹೊರೆ ಬಿದ್ದಾಗ ಹಿಂದಿಯಲ್ಲಿ ‘ಫೂಲ್ ಗಿರ್ ಗಯಾ’ ಎಂಬ ಕೂಗೆದ್ದಿತು. ಕೇಳಿದವರಿಗೆ ಅದು ‘ಪುಲ್ ಗಿರ್ ಗಯಾ’, ಸೇತುವೆ ಬಿತ್ತು, ಎಂದಾಯಿತು. 2025ರ ಫೆಬ್ರವರಿ 15ರ ರಾತ್ರಿ ನವದೆಹಲಿ ನಿಲ್ದಾಣದಲ್ಲಿ 18 ಜನ ಸತ್ತಾಗ, ಹೆಸರಿನಲ್ಲಿ ಒಂದನ್ನೊಂದು ಹೋಲುವ ಎರಡು ಪ್ರಯಾಗರಾಜ್ ರೈಲುಗಳ ಘೋಷಣೆಯಿಂದ ಗೊಂದಲವಾಯಿತೆಂದು ದೆಹಲಿ ಪೊಲೀಸರು ತಿಳಿಸಿದರು. ಎರಡೂ ಕಡೆ ಜನರನ್ನು ಕದಡಿದ್ದು ಸ್ಪಷ್ಟವಾಗಿ ಹೇಳಿದ ಸತ್ಯವಲ್ಲ, ಅರ್ಥವಾಗದೆ ಹೋದ ಮಾತು.

ಸುಮ್ಮನಿದ್ದುದರಿಂದ ಆದ ಸಾವುಗಳ ಲೆಕ್ಕ ಇನ್ನೂ ಕಠೋರವಾದುದು. 1997ರ ಜೂನ್ 13ರಂದು ದೆಹಲಿಯ ಉಪಹಾರ್ ಚಿತ್ರಮಂದಿರದಲ್ಲಿ ಕೆಳ ಅಂತಸ್ತಿನ ಟ್ರಾನ್ಸ್‌ಫಾರ್ಮರ್‌ನಿಂದ ಹೊರಟ ಹೊಗೆ ಬಾಲ್ಕನಿಯನ್ನು ತುಂಬಿದಾಗ 59 ಜನ ಪ್ರಾಣ ಕಳೆದುಕೊಂಡರು. ಧ್ವನಿವರ್ಧಕದ ಮೂಲಕ ಪ್ರೇಕ್ಷಕರಿಗೆ ಸೂಚನೆ ದೊರೆಯದಿದ್ದುದು ನ್ಯಾಯಾಲಯದ ಮುಂದೆ ಬಂದ ಲೋಪಗಳಲ್ಲಿ ಒಂದಾಗಿತ್ತು. ಬ್ರಿಟನ್ನಿನ ನ್ಯೂಕ್ಯಾಸಲ್ ನಗರದ ಮಾನ್ಯುಮೆಂಟ್ ಎಂಬ ಭೂಗತ ನಿಲ್ದಾಣದಲ್ಲಿ ಪ್ರೂ ಮತ್ತು ಸೈಮ್ ಎಂಬ ಇಬ್ಬರು ಸಂಶೋಧಕರು ತೆರವಿನ ಪ್ರಯೋಗಗಳನ್ನು ನಡೆಸಿ 1991ರಲ್ಲಿ ಫಲಿತಾಂಶವನ್ನು ಪ್ರಕಟಿಸಿದರು. ಗಂಟೆಯನ್ನಷ್ಟೇ ಬಾರಿಸಿದಾಗ ಜನ ನಿಂತಲ್ಲಿಯೇ ನಿಂತು ಒಬ್ಬರ ಮುಖ ಒಬ್ಬರು ನೋಡಿದರು. ಏನಾಗಿದೆ, ಯಾವ ದಾರಿಯಿಂದ ಹೊರಡಬೇಕು ಎಂಬುದನ್ನು ಧ್ವನಿವರ್ಧಕದಲ್ಲಿ ಬಿಡಿಸಿ ಹೇಳಿದಾಗ ತಡಮಾಡದೆ, ಗದ್ದಲವಿಲ್ಲದೆ ಹೊರನಡೆದರು. ನಿಜ ಹೇಳಿದರೆ ಜನ ಹುಚ್ಚಾಗುತ್ತಾರೆಂಬ ನಂಬಿಕೆಗೆ ಅಲ್ಲಿ ಆಧಾರ ದೊರೆಯಲಿಲ್ಲ.

ಈಗ ಬ್ಯಾಡಗಿಯ ಮೆಣಸಿನಕಾಯಿ ಪೇಟೆಗೆ ಬರಬಹುದು. ಹಂಗಾಮಿನ ಒಂದು ಸೋಮವಾರ ಅಲ್ಲಿ ಸಿಬ್ಬಂದಿ ಯಾರು, ಹೊರಗಿನವರು ಯಾರು ಎಂದು ಗೆರೆ ಎಳೆಯುವುದು ಸಾಧ್ಯವೆ? ಅಡತಿ ಅಂಗಡಿಯ ಸಂಬಳದ ಪಟ್ಟಿಯಲ್ಲಿ ಇಬ್ಬರೋ ಮೂವರೋ ಗುಮಾಸ್ತರು ಇರುತ್ತಾರೆ. ಚೀಲ ಹೊರುವ ಹಮಾಲರು ಒಂದು ಅಂಗಡಿಯವರಲ್ಲ. ತೊಟ್ಟು ಬಿಡಿಸಲು, ಕಾಯಿ ಆರಿಸಲು ಸುತ್ತಲಿನ ಹಳ್ಳಿಗಳಿಂದ ಬರುವ ಮಹಿಳೆಯರು ಇಂದು ಒಂದು ಗೋದಾಮಿನಲ್ಲಿ, ನಾಳೆ ಇನ್ನೊಂದರಲ್ಲಿ. ರಾತ್ರಿಯೇ ಬಂದು ಚೀಲಗಳ ಮಗ್ಗುಲಲ್ಲಿ ಮಲಗಿದ ರೈತ, ಆಂಧ್ರದ ಕಡೆಯಿಂದ ಮಾಲು ತಂದ ಲಾರಿಯ ಚಾಲಕ, ಚಹ ಮಾರುವ ಹುಡುಗ, ಇವರೆಲ್ಲ ಒಂದೇ ಸೂರಿನ ಅಡಿಯಲ್ಲಿ ಇರುತ್ತಾರೆ. ರಾಣೆಬೆನ್ನೂರಿನ ಹತ್ತಿ ಮತ್ತು ಬೀಜದ ಘಟಕಗಳಲ್ಲಿಯೂ ಹಂಗಾಮಿ ಕೆಲಸಗಾರರ ಸ್ಥಿತಿ ಇದಕ್ಕಿಂತ ಬಹಳ ಭಿನ್ನವಾಗಿಲ್ಲ. ಸಂಕೇತವನ್ನು ಕಲಿತ ಮೂವರಿಗೆ ತಿಳಿದು, ಕಲಿಯದ ಮುನ್ನೂರು ಜನರಿಗೆ ತಿಳಿಯದಿರುವಂತೆ ಮಾಡುವ ವ್ಯವಸ್ಥೆಗೆ ಸುರಕ್ಷತೆ ಎಂಬ ಹೆಸರು ಒಪ್ಪುವುದಿಲ್ಲ.

ಮೆಣಸಿನಕಾಯಿಯ ಬೆಂಕಿಯ ಸ್ವಭಾವವೂ ಬೇರೆಯದು. ಒಗ್ಗರಣೆಯ ನಾಲ್ಕು ಕಾಯಿ ಸೀದರೆ ಮನೆಮಂದಿಯೆಲ್ಲ ಕೆಮ್ಮುತ್ತಾರೆ. ಸಾವಿರಾರು ಚೀಲಗಳಿರುವಲ್ಲಿ ಕಿಡಿ ಬಿದ್ದರೆ ಜ್ವಾಲೆಗಿಂತ ಮೊದಲು ಘಾಟೇ ಕಣ್ಣು, ಗಂಟಲುಗಳನ್ನು ಕಟ್ಟಿಹಾಕುತ್ತದೆ. ಮೈಕಿನ ಮುಂದೆ ಕುಳಿತವನಿಗೂ ಅದೇ ಗತಿ. ಎರಡು ಹಂತಗಳ ಘೋಷಣೆಗೆ, ಸಂಕೇತವನ್ನು ಬಿಡಿಸಿಕೊಳ್ಳುವ ವ್ಯವಧಾನಕ್ಕೆ ಅಲ್ಲಿ ಅವಕಾಶವೇ ಇರುವುದಿಲ್ಲ. ಹಾವೇರಿಯ ಹೊರವಲಯದ ಆಲದಕಟ್ಟಿಯ ಪಟಾಕಿ ಗೋದಾಮಿನಲ್ಲಿ 2023ರ ಆಗಸ್ಟ್ 29ರಂದು ಬೆಂಕಿ ಬಿದ್ದು ಕೆಲಸಗಾರರು ಜೀವ ತೆತ್ತರು. ಮದ್ದು ಹೊತ್ತಿದ ಮೇಲೆ ಒಳಗಿದ್ದವರಿಗೆ ನಿಮಿಷಗಳ ಸಮಯ ಸಿಗುವುದಿಲ್ಲ ಎಂಬುದನ್ನು ಈ ಜಿಲ್ಲೆ ತನ್ನ ಕಣ್ಣಿನಿಂದಲೇ ಕಂಡಿದೆ.

ಸಂಕೇತದಿಂದ ಇನ್ನೊಂದು ಹಾನಿಯೂ ಇದೆ. ಅದು ನಂಬಿಕೆಗೆ ಸಂಬಂಧಿಸಿದ್ದು. 2024ರ ಮಾರ್ಚ್ 11ರಂದು ಬ್ಯಾಡಗಿಯಲ್ಲಿ ದರ ಕುಸಿದುದರಿಂದ ರೊಚ್ಚಿಗೆದ್ದ ರೈತರು ಮಾರುಕಟ್ಟೆ ಸಮಿತಿಯ ಕಚೇರಿಗೆ ನುಗ್ಗಿದ್ದು, ವಾಹನಗಳಿಗೆ ಬೆಂಕಿ ಬಿದ್ದದ್ದು ಎಲ್ಲರ ನೆನಪಿನಲ್ಲಿಯೂ ಇದೆ. ಆ ದಿನದ ಸರಿತಪ್ಪುಗಳ ವಿಚಾರ ಇಲ್ಲಿ ಅಪ್ರಸ್ತುತ. ಆದರೆ ತನಗೆ ತಿಳಿಯದಂತೆ ಏನೋ ನಡೆಯುತ್ತಿದೆ ಎಂಬ ಸಂಶಯದಲ್ಲಿ ಕುದಿಯುತ್ತಿರುವ ಗುಂಪಿನ ತಲೆಯ ಮೇಲೆ ಧ್ವನಿವರ್ಧಕವು ಅರ್ಥವಾಗದ ಇಂಗ್ಲಿಷ್ ಮಾತೊಂದನ್ನು ಬಿತ್ತರಿಸಿದರೆ, ಮತ್ತು ಅದನ್ನು ಕೇಳಿದ ಕೂಡಲೇ ಗುಮಾಸ್ತರೆಲ್ಲ ಬಾಗಿಲೆಳೆದುಕೊಂಡು ಓಡತೊಡಗಿದರೆ, ಆ ಗುಂಪು ಏನೆಂದು ತಿಳಿದೀತು? ಪೇಟೆಯಲ್ಲಿ ವರ್ತಕನ ಬಂಡವಾಳ ಮಾತು. ಅಪಾಯದ ಹೊತ್ತಿನಲ್ಲಿ ಮಾತನ್ನು ಮುಚ್ಚಿಟ್ಟನೆಂಬ ಅಪವಾದವನ್ನು ಯಾವ ವಿಮೆಯೂ ತುಂಬಿಕೊಡಲಾರದು.

ಇಂಗ್ಲಿಷ್ ಬೇಡ, ಕನ್ನಡದಲ್ಲಿಯೇ ಒಂದು ಹುಸಿ ಹೆಸರನ್ನು ಇಟ್ಟುಕೊಂಡರೆ ಆಗದೆ ಎಂದು ಕೇಳುವವರಿದ್ದಾರೆ. ‘ಬಸಪ್ಪನವರು ಕೂಡಲೇ ಕಚೇರಿಗೆ ಬರಬೇಕು’ ಎಂದು ಬ್ಯಾಡಗಿಯ ಪ್ರಾಂಗಣದಲ್ಲಿ ಕೂಗಿದರೆ ಬರುವ ಬಸಪ್ಪಗಳನ್ನು ಕೂರಿಸಲು ಕಚೇರಿಯಲ್ಲಿ ಸ್ಥಳ ಸಾಲದು. ಸ್ಯಾಂಡ್ಸ್ ಮಹಾಶಯನನ್ನು ಕನ್ನಡಕ್ಕೆ ತಂದು ಮರುಳಪ್ಪನೆಂದು ಕರೆದರೂ ರಾಣೆಬೆನ್ನೂರಿನಲ್ಲಿ ಇದೇ ಪಾಡು.

ಹಾಗಾದರೆ ಸಂಕೇತಕ್ಕೆ ಸ್ಥಾನವೇ ಇಲ್ಲವೆ? ಇದೆ. ಚಿನ್ನಬೆಳ್ಳಿಯ ಅಂಗಡಿಯಲ್ಲಿ ಅನುಮಾನಾಸ್ಪದ ವ್ಯಕ್ತಿ ಒಳಬಂದಾಗ ಎಚ್ಚರಿಕೆ ಆತನ ಕಿವಿಗೆ ಬೀಳಬಾರದು; ಅಲ್ಲಿ ಟವೆಲಿನ ಆಚೆ ನಿಂತವನು ನಿಜವಾಗಿಯೂ ಎದುರಾಳಿ. ಮಕ್ಕಳ ಅಪಹರಣದ ವಿಷಯವೂ ಹಾಗೆಯೇ. ಅಮೆರಿಕದ ವಾಲ್‌ಮಾರ್ಟ್ ಮಳಿಗೆಗಳಲ್ಲಿ 1994ರಲ್ಲಿ ಆರಂಭವಾದ ‘ಕೋಡ್ ಆ್ಯಡಮ್’ ಕರೆ ಕೇಳಿದೊಡನೆ ಸಿಬ್ಬಂದಿ ಬಾಗಿಲುಗಳಲ್ಲಿ ನಿಂತು, ಕಳೆದುಹೋದ ಮಗುವಿನ ಚಹರೆಗಾಗಿ ನೋಡುತ್ತಾರೆ. ಬಾಗಿಲುಗಳಿರುವ ಕಟ್ಟಡದಲ್ಲಿ ಅದು ಸರಿ. ಕಾರಹುಣ್ಣಿಮೆಗೆ ಕರ್ಜಗಿಯಲ್ಲಿ ಸೇರುವಂತಹ ಬಯಲು ಜನಸಂದಣಿಯಲ್ಲಿ ಕಾಯಲು ಬಾಗಿಲೆಲ್ಲಿದೆ? ಅಲ್ಲಿ ಮಗುವಿನ ಅಂಗಿಯ ಬಣ್ಣ, ವಯಸ್ಸು, ಹೆಸರುಗಳನ್ನು ಮೈಕಿನಲ್ಲಿ ಕೂಗಿ ಹೇಳುವುದೇ ಉತ್ತಮ. ಸಾವಿರ ಕಣ್ಣುಗಳು ಕೂಡಲೇ ಹುಡುಕತೊಡಗುತ್ತವೆ. ಹಳ್ಳಿಗಳಲ್ಲಿ ಡಂಗುರ ಸಾರುವವನು ಎಂದೂ ಸಂಕೇತದಲ್ಲಿ ಸಾರಿದವನಲ್ಲ.

ಬೆಂಕಿ, ಹೊಗೆ, ಅನಿಲ, ಕಟ್ಟಡದ ಕುಸಿತ, ಇವುಗಳ ವಿಷಯದಲ್ಲಿ ಸಂಕೇತಕ್ಕೆ ಒಪ್ಪಬಹುದಾದ ಆಯುಷ್ಯ ಒಂದೆರಡು ನಿಮಿಷ ಮಾತ್ರ: ಒಬ್ಬನು ಹೋಗಿ ನೋಡಿಬರುವಷ್ಟು ಹೊತ್ತು. ಶೀತಲ ಗೃಹದಂತಹ ದೊಡ್ಡ ಘಟಕಗಳಲ್ಲಿ, ಸುಳ್ಳು ಗಂಟೆಗಳು ಪದೇಪದೇ ಬರುವಲ್ಲಿ, ಈ ಅವಕಾಶ ಇರಲಿ. ಹೊಗೆ ಕಣ್ಣಿಗೆ ಬಿದ್ದ ಮೇಲೆ ಅದೂ ಬೇಡ. ಆಗ ಬೇಕಾದುದು ಎಂಟು ಹತ್ತು ಪದಗಳ ಒಂದು ಕನ್ನಡ ವಾಕ್ಯ: ಎಲ್ಲಿ ಬೆಂಕಿ ಬಿದ್ದಿದೆ, ಯಾವ ಬಾಗಿಲಿನಿಂದ ಹೊರಡಬೇಕು. ಆ ವಾಕ್ಯವನ್ನು ಗಾಬರಿಯ ಹೊತ್ತಿನಲ್ಲಿ ರಚಿಸಲಾಗದು. ಮೊದಲೇ ಬರೆದು ಮೈಕಿನ ಪಕ್ಕದಲ್ಲಿ ತೂಗುಹಾಕಿರಬೇಕು. ಹಿಂದಿಯಲ್ಲಿಯೂ ತೆಲುಗಿನಲ್ಲಿಯೂ ಅದನ್ನು ಒಮ್ಮೊಮ್ಮೆ ಹೇಳುವಂತಿರಬೇಕು. ಮುದ್ರಿಸಿಟ್ಟ ಧ್ವನಿಗಿಂತ ಪರಿಚಿತ ಧ್ವನಿಯನ್ನು ಹಮಾಲರು ಬೇಗ ನಂಬುತ್ತಾರೆ ಎಂಬುದನ್ನೂ ಮರೆಯಬಾರದು.

ಉಪಕರಣದ ಮಾತು ಇಲ್ಲಿಯೇ ಬರುತ್ತದೆ. ಅನೇಕ ಕಡೆ ಧ್ವನಿವರ್ಧಕದ ಆಂಪ್ಲಿಫೈಯರ್ ಇರುವುದು ವಿದ್ಯುತ್ ಫಲಕದ ಕೆಳಗಿನ ಕೊಠಡಿಯಲ್ಲಿ. ಬೆಂಕಿ ಬಿದ್ದೊಡನೆ ಮೊದಲು ಮಾಡುವ ಕೆಲಸ ಮುಖ್ಯ ಸ್ವಿಚ್ಚನ್ನು ಆರಿಸುವುದು. ಅದರೊಡನೆ ಧ್ವನಿವರ್ಧಕದ ಬಾಯಿಯೂ ಮುಚ್ಚಿಹೋಗುತ್ತದೆ. ಬ್ಯಾಟರಿಯಿಂದ ನಡೆಯುವ ಕೈ ಮೆಗಾಫೋನಿಗೆ ಕೆಲವೇ ಸಾವಿರ ರೂಪಾಯಿಗಳು ಸಾಕು. ಅದೂ ಇಲ್ಲದ ಸಣ್ಣ ಘಟಕಕ್ಕೆ ಶಾಲೆಯ ಗಂಟೆಯಂತಹ ಹಿತ್ತಾಳೆಯ ಗಂಟೆಯೊಂದು ಇರಲಿ; ಘಾಟಿನಿಂದ ಗಂಟಲು ಕಟ್ಟಿದವನೂ ಅದನ್ನು ಬಾರಿಸಬಲ್ಲ. ಗಂಟೆ ಕೇಳಿದರೆ ಹೊರಡಬೇಕೆಂಬುದನ್ನು ತೊಟ್ಟು ಬಿಡಿಸಲು ಬರುವ ಮಹಿಳೆಯರಿಗೆ ಹಂಗಾಮಿನ ಮೊದಲ ದಿನ ಹೇಳಿ, ಒಮ್ಮೆ ಬಾರಿಸಿ ತೋರಿಸಿದರೆ ಐದು ನಿಮಿಷಗಳ ಕೆಲಸ.

1948ರ ಕಾರ್ಖಾನೆ ಕಾಯ್ದೆಯು ತನ್ನ 38ನೆಯ ಕಲಮಿನಲ್ಲಿ ಬೆಂಕಿಯಿಂದ ಪಾರಾಗುವ ದಾರಿಗಳ ಪರಿಚಯ ಕೆಲಸಗಾರರಿಗೆ ಇರಬೇಕೆಂದು ವಿಧಿಸಿತ್ತು. ಕೆಲಸಗಾರರ ಸಂಖ್ಯೆ ಕಡಿಮೆಯೆಂಬ ಕಾರಣಕ್ಕೆ ಇಂತಹ ಕಾನೂನುಗಳ ವ್ಯಾಪ್ತಿಯಿಂದ ಹೊರಗುಳಿದ ಘಟಕಗಳು ಈ ಮೂರು ತಾಲ್ಲೂಕುಗಳಲ್ಲಿ ಬಹಳ. ತನಿಖಾಧಿಕಾರಿ ಬರುವುದಿಲ್ಲವೆಂಬುದು ಅವುಗಳಿಗೆ ಸಮಾಧಾನದ ಸಂಗತಿಯಾಗಬೇಕಾಗಿಲ್ಲ. ಅಂಗಡಿಗಳ ಸಾಲಿಗೆ ಒಂದರಂತೆ, ನೆರೆಯವರೆಲ್ಲ ಕೂಡಿ ಒಂದೇ ಗಂಟೆ, ಒಂದೇ ವಾಕ್ಯವನ್ನು ಗೊತ್ತುಮಾಡಿಕೊಂಡರೆ ಕೆಲಸಗಾರನು ಯಾವ ಗೋದಾಮಿನಲ್ಲಿದ್ದರೂ ಕರೆಯನ್ನು ಗುರುತಿಸುತ್ತಾನೆ. ವಾಣಿಜ್ಯೋದ್ಯಮ ಸಂಸ್ಥೆಯು ಮುಂದಿನ ಹಂಗಾಮಿಗೆ ಮೊದಲು ಸಮಿತಿಯ ಅಧಿಕಾರಿಗಳನ್ನೂ ಅಗ್ನಿಶಾಮಕ ಠಾಣೆಯವರನ್ನೂ ಹಮಾಲರ ಸಂಘದವರನ್ನೂ ಒಂದೆಡೆ ಕೂರಿಸಿ ಇದನ್ನು ನಿಶ್ಚಯಿಸಬಹುದು. ವಹಿವಾಟು ಇಲ್ಲದ ದಿನ ಒಮ್ಮೆ ಅಭ್ಯಾಸವನ್ನೂ ನಡೆಸಬಹುದು.

ಆ ಸಭೆಯಲ್ಲಿ ಇನ್ನೊಂದು ವಿಷಯವೂ ಚರ್ಚೆಗೆ ಬರಬೇಕು. ಕಳವಿನ ಭಯದಿಂದ ಗೋದಾಮುಗಳ ಹಿಂಬಾಗಿಲಿಗೆ ಹೊರಗಿನಿಂದ ಬೀಗ ಹಾಕುವ ರೂಢಿ ಹಲವು ಕಡೆ ಇದೆ. ಬೀಗದ ಕೈ ಮಾಲೀಕನ ಕಿಸೆಯಲ್ಲಿ, ಮಾಲೀಕ ಟೆಂಡರ್ ಕಟ್ಟೆಯಲ್ಲಿ. ಘೋಷಣೆಯು ಎಷ್ಟೇ ಸ್ಪಷ್ಟ ಕನ್ನಡದಲ್ಲಿದ್ದರೂ ಹಿಂಬಾಗಿಲಿನಿಂದ ಹೊರಡಿರಿ ಎಂದು ಹೇಳುವಂತಿರಬೇಕಾದರೆ ಒಳಗೆ ಜನರಿರುವಷ್ಟು ಹೊತ್ತು ಆ ಬಾಗಿಲಿಗೆ ಒಳಗಿನಿಂದ ತೆಗೆಯಬಹುದಾದ ಅಗುಳಿ ಮಾತ್ರ ಇರಬೇಕು, ಬೀಗವಿರಕೂಡದು.